ರನ್ನನಿಂದ ಏನುಪಯೋಗ?

ವಿದ್ಯಾರ್ಥಿಯೊಬ್ಬನ ತಂದೆ ಈಚೆಗೆ ನನ್ನನ್ನು ಕಾಣಲು ಬಂದಿದ್ದರು. ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಮಗ ಐಚ್ಛಿಕ ಕನ್ನಡವನ್ನು ಆರಿಸಿಕೊಂಡದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ಸಭ್ಯರು, ಜಗಳಕ್ಕೆ ಬಂದವರಲ್ಲ. "ರನ್ನನನ್ನು ಓದಿ ಏನುಪಯೋಗ, ಸ್ವಾಮಿ?" ಎಂದಷ್ಟೇ ಕೇಳಿದರು. ಸಂಸ್ಕೃತಿ, ಪರಂಪರೆ, ಹೃದಯವೈಶಾಲ್ಯ ಎಂದು ನಾವು ಮೇಷ್ಟ್ರುಗಳು ಸಭೆಗಳಲ್ಲಿ ಆಡುವ ಮಾತುಗಳನ್ನೇ ಒಪ್ಪಿಸಿದೆ. ಅವರು ಕಾಫಿ ಕುಡಿದು, ನಮಸ್ಕರಿಸಿ ಹೊರಟರು. ಕೊಡಬೇಕಾಗಿದ್ದ ಉತ್ತರ ಅದಲ್ಲವೆಂದು ಆಮೇಲೆ ಹೊಳೆಯಿತು.

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನ ಬರೆದ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರೂ ಉಂಟು. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿ ಹೊಗಳುವುದು ಕವಿಯ ಸಂಕಲ್ಪ. ಅಂದಮೇಲೆ ದುರ್ಯೋಧನನನ್ನು ಹಳಿದಷ್ಟೂ ಅರಮನೆಗೆ ಪ್ರಿಯ. ಕಾವ್ಯದಲ್ಲಿ ಆಗುವುದೇ ಬೇರೆ. ಸಂಜಯನೊಡನೆ ರಣರಂಗದಲ್ಲಿ ನಡೆದು ಬರುವ ದುರ್ಯೋಧನ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಗೋಳಿಡುತ್ತಾನೆ. ಅದು ಸಹಜ, ಅವರು ತನ್ನವರು. ಆದರೆ ಅಭಿಮನ್ಯುವಿನ ಶವದ ಮುಂದೆಯೂ ಅವನ ಕಾಲು ನಿಲ್ಲುತ್ತದೆ. ತನ್ನ ಕಡೆಯವರೇ ಹಲವರು ಸೇರಿ ಕೊಂದ ಶತ್ರುಪುತ್ರ! ಅವನ ಸಾಹಸವನ್ನು ಕೊಂಡಾಡಿ, ಅದರ ಒಂದಂಶದಷ್ಟಾದರೂ ಇರುವ ಸಾವು ತನಗೆ ಬರಲೆಂದು ಕೈಮುಗಿದು ಬೇಡುತ್ತಾನೆ. ಭೀಮನನ್ನು ಹೊಗಳಲು ಕುಳಿತ ಕವಿಗೆ ಈ ಘಳಿಗೆ ಯಾಕೆ ಬೇಕಾಗಿತ್ತು?

ಈ ಪ್ರಶ್ನೆಯನ್ನು ಹಿಡಿದು ಜಗ್ಗಿದವರಲ್ಲಿ ಮುಖ್ಯರು ಬಿ.ಎಂ.ಶ್ರೀಯವರು. ಅವರು ಇಂಗ್ಲಿಷ್ ಅಧ್ಯಾಪಕರು. ಗ್ರೀಕ್ ದುರಂತ ನಾಟಕಗಳನ್ನು ಬಲ್ಲ ಕಣ್ಣಿನಿಂದ ರನ್ನನನ್ನು ಓದಿ, ದುರ್ಯೋಧನನಲ್ಲಿ ದುರಂತನಾಯಕನನ್ನು ಕಂಡು, ಆ ಕಾವ್ಯವನ್ನು 1926ರಲ್ಲಿ 'ಗದಾಯುದ್ಧ ನಾಟಕಂ' ಆಗಿಸಿದರು. 1935ರಲ್ಲಿ ಅವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಈಸ್ಕಿಲಸನ ನಾಟಕ. ಆತ ಪರ್ಷಿಯನ್ನರ ಮೇಲೆ ಮ್ಯಾರಥಾನಿನಲ್ಲಿ ಸ್ವತಃ ಕಾದಾಡಿದವನು. ಸಲಾಮಿಸ್ ಕಡಲಕಾಳಗ ನಡೆದದ್ದು ಕ್ರಿ.ಪೂ. 480ರಲ್ಲಿ, ಎಂಟೇ ವರ್ಷಗಳ ತರುವಾಯ, ಗೆದ್ದ ಅಥೆನ್ಸಿನ ಜನರ ಮುಂದೆ, ಆತ ಸೋತವರ ಅರಮನೆಯ ಅಳುವನ್ನು ರಂಗಕ್ಕೆ ತಂದ. ವೈರಿಯ ತಾಯಿಯ ದುಃಖವನ್ನು ಆ ಜನ ಕುಳಿತು ಕೇಳಿದರು.

ಗ್ರೀಕರ ಅಳತೆಗೋಲಿನಿಂದ ರನ್ನನನ್ನು ಅಳೆಯಬಹುದೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ದ್ರೌಪದಿಯ ಮುಡಿಯನ್ನು ಮರೆತು ದುರ್ಯೋಧನನಿಗಾಗಿ ಮರುಗಿದರೆ ಅದು ಅರೆಓದು. ನನ್ನ ಮಟ್ಟಿಗೆ ರನ್ನ ಎರಡನ್ನೂ ಬಿಡಲಿಲ್ಲ. ಅವನ ಹಿರಿಮೆ ಅಲ್ಲಿದೆ. ತಪ್ಪು ಮಾಡಿದವನನ್ನು ತಪ್ಪಿತಸ್ಥನೆಂದು ತಿಳಿದೇ ಅವನ ಅಳುವನ್ನು ಪೂರ್ತಿ ಕೇಳಿಸಿಕೊಳ್ಳುವುದು ಕಷ್ಟದ ಅಭ್ಯಾಸ. ಗಣಿತದಂತೆ ಇದಕ್ಕೂ ಸಾಧನೆ ಬೇಕು, ಗುರು ಬೇಕು, ಹಳಗನ್ನಡದ ಕಡಲೆಯನ್ನು ಅಗಿಯುವ ಹಲ್ಲು ಬೇಕು. ಮುಂದೆ ನ್ಯಾಯಾಧೀಶನಾಗುವವನಿಗೆ, ವೈದ್ಯನಾಗುವವನಿಗೆ, ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಹಂಚುವವನಿಗೆ ಇದು ಬೇಡವೆಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ನಾವು ಕಲಿಸುವುದು ಇದನ್ನೇ ಏನು? 'ದುರ್ಯೋಧನ ದುರಂತನಾಯಕನೇ? ವಿವೇಚಿಸಿ' ಎಂಬ ಪ್ರಶ್ನೆಗೆ ಗೈಡಿನಲ್ಲಿ ಐದು ಅಂಶಗಳಿವೆ. ಐದನ್ನೂ ಬರೆದವನಿಗೆ ಪೂರ್ಣ ಅಂಕ. ಹಾಗೆ ಕೊಟ್ಟವರಲ್ಲಿ ನಾನೂ ಒಬ್ಬ. ಆ ತಂದೆಯ ಸಂಶಯಕ್ಕೆ ನಮ್ಮ ಪಾಲೂ ಉಂಟು.

ಹುಡುಗ ಕನ್ನಡವನ್ನು ಬಿಟ್ಟಿಲ್ಲ. ಮೊನ್ನೆ ತರಗತಿ ಮುಗಿದ ಮೇಲೆ ಬಂದು ಕೇಳಿದ: "ಸಾರ್, ಅಭಿಮನ್ಯು ಬದುಕಿದ್ದಿದ್ದರೆ ದುರ್ಯೋಧನ ಹೀಗೆ ಕೈಮುಗಿಯುತ್ತಿದ್ದನೇ?" ಗೈಡಿನಲ್ಲಿ ಇದಕ್ಕೆ ಉತ್ತರವಿಲ್ಲ. ನನ್ನಲ್ಲಿಯೂ ಇರಲಿಲ್ಲ. ಆ ಭಾಗವನ್ನು ಇನ್ನೊಮ್ಮೆ ಓದಿಕೊಂಡು ಬಾ, ನಾನೂ ಓದಿಕೊಂಡು ಬರುತ್ತೇನೆ ಎಂದೆ.