ಹವ್ಯಕ ಕನ್ನಡದ ‘ನಪುಂಸಕ’: ಒಂದು ಪಾರಿಭಾಷಿಕ ಪದದ ವಿಮರ್ಶೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹವ್ಯಕರ ಮನೆಮಾತಿನಲ್ಲಿ ‘ಮಾಣಿ ಬಂದ’, ‘ಕೂಸು ಬಂತು’, ‘ದನ ಬಂತು’ ಎಂಬ ಪ್ರಯೋಗಗಳಿವೆ. ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಏಕವಚನದಲ್ಲಿ ಹೆಣ್ಣಿಗೂ ದನಕ್ಕೂ ಒಂದೇ ಕ್ರಿಯಾರೂಪ. ‘ಅದು’ ಎಂಬ ಒಂದೇ ಸರ್ವನಾಮ. ಇದನ್ನು ‘ಸ್ತ್ರೀಯರಿಗೆ ನಪುಂಸಕಲಿಂಗ’ ಎಂದು ವಿವರಿಸುವುದು ರೂಢಿ. ಹೆಣ್ಣನ್ನು ವಸ್ತುವಾಗಿ ಕಾಣುವ ಮಾತಿದು ಎಂಬ ತೀರ್ಮಾನ ಈ ವಿವರಣೆಯಿಂದಲೇ ಹುಟ್ಟುತ್ತದೆ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕೆಂಬುದು ನಮ್ಮ ವಾದ.

ಶಿಷ್ಟ ಕನ್ನಡದಲ್ಲಿ ‘ಕೂಸು’ ಎಳೆಮಗು. ಅಲ್ಲಿಯೂ ಅದು ನಪುಂಸಕವೇ. ಹವ್ಯಕದ್ದು ಆ ಪದಕ್ಕೆ ಅಂಟಿಬಂದ ಲಿಂಗವೆಂದು ಆಕ್ಷೇಪಿಸಬಹುದು. ಫ್ರೆಂಚಿನಲ್ಲಿ ಹಾಗಾಗುವುದುಂಟು: ಕಾವಲುಗಾರ ಗಂಡಸಾದರೂ ಅವನನ್ನು ಸೂಚಿಸುವ ‘ಸಾಂತಿನೆಲ್’ ಪದ ಸ್ತ್ರೀಲಿಂಗ. ಆದರೆ ಹವ್ಯಕದಲ್ಲಿ ‘ತಂಗಿ ಬಂತು’, ‘ಅತ್ತಿಗೆ ಬಂತು’ ಎನ್ನುತ್ತಾರೆ. ಹೆಂಗಸರ ಅಂಕಿತನಾಮಗಳೊಡನೆಯೂ ಅದೇ ರೂಪ ಬರುತ್ತದೆ. ಲಿಂಗವನ್ನು ಇಲ್ಲಿ ನಿರ್ಧರಿಸುವುದು ಪದವಲ್ಲ, ಅರ್ಥ.

ಆ ಅರ್ಥ ಯಾವುದು? ತೆಲುಗಿನಲ್ಲಿ ‘ಅಬ್ಬಾಯಿ ವಚ್ಚಾಡು’ ಎಂದರೆ ಹುಡುಗ ಬಂದ. ‘ಅಮ್ಮಾಯಿ ವಚ್ಚಿಂದಿ’, ‘ಆವು ವಚ್ಚಿಂದಿ’ ಎಂಬಲ್ಲಿ ಹುಡುಗಿಗೂ ಹಸುವಿಗೂ ಒಂದೇ ರೂಪ. ದ್ರಾವಿಡ ಭಾಷಾವಿಜ್ಞಾನ ಇದನ್ನು ಪುರುಷ–ಪುರುಷೇತರ ವಿಭಾಗವೆಂದು ಕರೆಯುತ್ತದೆ, ನಪುಂಸಕವೆನ್ನುವುದಿಲ್ಲ. ಬಹುವಚನದಲ್ಲಿ ‘ಅಮ್ಮಾಯಿಲು ವಚ್ಚಾರು’, ‘ಆವುಲು ವಚ್ಚಾಯಿ’ ಎಂದು ಹೆಣ್ಣು ಮನುಷ್ಯವರ್ಗಕ್ಕೆ ಸೇರುತ್ತದೆ. ಆದ್ದರಿಂದ ಏಕವಚನವೊಂದನ್ನೇ ಹಿಡಿದು ಲಿಂಗವ್ಯವಸ್ಥೆಯನ್ನು ನಿರ್ಣಯಿಸಲಾಗದು.

13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಲಿಂಗಗಳ ಹೆಸರುಗಳು ಸಂಸ್ಕೃತದವು. ‘ಅವನು, ಅವಳು, ಅದು’ ಎಂದು ಮೂರಾಗಿ ಒಡೆಯುವ ಕನ್ನಡಕ್ಕೆ ಅವು ಒಗ್ಗುತ್ತವೆ. ಎರಡಾಗಿ ಒಡೆಯುವ ಉಪಭಾಷೆಗೆ ಅವನ್ನೇ ತೊಡಿಸಿದಾಗ, ಹೆಣ್ಣು ತನ್ನದಲ್ಲದ ಮನೆಗೆ ತಳ್ಳಲ್ಪಟ್ಟಂತೆ ತೋರುತ್ತದೆ. ಹಾಗೆಂದು ತೆಲುಗಿನೊಡನೆ ಇರುವ ಸಾಮ್ಯವನ್ನು ಪ್ರಾಚೀನತೆಯ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಹಳಗನ್ನಡದಲ್ಲಿಯೇ ‘ಅವಳ್’ ಇರುವುದರಿಂದ, ಹವ್ಯಕದ ಏರ್ಪಾಡು ಆಮೇಲೆ ರೂಪುಗೊಂಡದ್ದೂ ಆಗಿರಬಹುದು.

ಹೆಸರನ್ನು ತಿದ್ದಿದೊಡನೆ ಸಾಮಾಜಿಕ ಪ್ರಶ್ನೆ ಬಗೆಹರಿಯುವುದಿಲ್ಲ. ಗಂಡಸೊಬ್ಬನನ್ನೇ ಬೇರ್ಪಡಿಸಿ ಉಳಿದುದೆಲ್ಲವನ್ನೂ ಒಂದುಗೂಡಿಸುವ ವಿಭಾಗವೂ ವಿಚಾರಾರ್ಹವೇ. ಆದರೆ ಅಗೌರವವಿದೆಯೇ ಎಂಬುದನ್ನು ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರಿಗೆ ಗೌರವವಾಚಕ ಸಲ್ಲುತ್ತದೆ ಎಂಬ ಬಳಕೆಯಲ್ಲಿ ಹುಡುಕಬೇಕು, ಪ್ರತ್ಯಯದಲ್ಲಲ್ಲ. ಮನೆಯಲ್ಲಿ ‘ತಂಗಿ ಬಂತು’ ಎನ್ನುವ ಮಗುವಿಗೆ ಶಾಲೆ ‘ತಂಗಿ ಬಂದಳು’ ಎಂದು ಕಲಿಸುವುದು ಸರಿಯೇ. ಮೊದಲನೆಯದು ತಂಗಿಗೆ ಮಾಡಿದ ಅವಮಾನವೆಂದು ಕಲಿಸಲು ವ್ಯಾಕರಣದಲ್ಲಿ ಆಧಾರವಿಲ್ಲ. ಉಪಭಾಷಾ ವಿವರಣೆಗಳಲ್ಲಿ ‘ಪುರುಷೇತರ’ ಎಂಬ ಪದವನ್ನೇ ಬಳಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.