ಬಸ್ರಾದ ರಾಬಿಯಾ: ಜನಪ್ರಿಯತೆಯ ಕಥನ

ಸೂಫಿ ಪರಂಪರೆಯ ಸ್ತ್ರೀಯರಲ್ಲಿ ಬಸ್ರಾದ ರಾಬಿಯಾ ಅಲ್ ಅದವಿಯ್ಯಾಳಷ್ಟು ಪ್ರಸಿದ್ಧಿ ಪಡೆದವರು ವಿರಳ. ಕ್ರಿ.ಶ. 801ರಲ್ಲಿ ತೀರಿಕೊಂಡಳೆಂದು ಪರಂಪರೆ ಹೇಳುವ ಈಕೆ ಯಾವ ಕೃತಿಯನ್ನೂ ಬಿಟ್ಟುಹೋಗಲಿಲ್ಲ. ಕನ್ನಡದ ಓದುಗರಿಗೆ ಇಲ್ಲಿ ಅಕ್ಕಮಹಾದೇವಿಯ ನೆನಪಾಗುವುದು ಸಹಜ. ಆದರೆ ಅಕ್ಕನನ್ನು ಅವಳ ವಚನಗಳ ಮೂಲಕವೇ ಕಾಣಬಹುದು. ರಾಬಿಯಾ ದೊರೆಯುವುದು ಅನ್ಯರ ಬರಹಗಳಲ್ಲಿ ಮಾತ್ರ. ಆಕೆಯ ಜನಪ್ರಿಯತೆಯ ಮೂಲವನ್ನೂ ಅದರಿಂದಾದ ನಷ್ಟವನ್ನೂ ಈ ಅಂಶದಲ್ಲಿಯೇ ಅರಸಬೇಕಾಗುತ್ತದೆ.

ಒಂಬತ್ತನೆಯ ಶತಮಾನದ ಅರಬ್ಬೀ ಲೇಖಕ ಅಲ್ ಜಾಹಿಝನಲ್ಲಿ ಆಕೆಯ ಉಲ್ಲೇಖಗಳು ಸಂಕ್ಷಿಪ್ತ. ಅಲ್ಲಿರುವವಳು ಬಸ್ರಾದ ಓರ್ವ ವಿರಾಗಿಣಿ. ಬಡ ಮನೆಯ ನಾಲ್ಕನೆಯ ಮಗಳು, ಕ್ಷಾಮದಲ್ಲಿ ಮಾರಾಟವಾದ ದಾಸಿ, ಪ್ರಾರ್ಥನೆಯ ವೇಳೆ ತಲೆಯ ಮೇಲೆ ಬೆಳಕು ಕಂಡು ಒಡೆಯನೇ ಬಿಡುಗಡೆ ಮಾಡಿದವಳು ಎಂಬ ಪರಿಚಿತ ಚರಿತ್ರೆ ವಿಸ್ತಾರವಾಗಿ ದೊರೆಯುವುದು ಸುಮಾರು ನಾಲ್ಕು ಶತಮಾನಗಳ ಅನಂತರದ ಪಾರಸಿ ಕವಿ ಅತ್ತಾರನ 'ತಝ್ಕಿರತುಲ್ ಔಲಿಯಾ'ದಲ್ಲಿ.

ಅತ್ತಾರನ ಕಥನದ ಜೀವಾಳ ಆಕೆಯ ಪ್ರತ್ಯುತ್ತರಗಳು. ಹಸನ್ ಬಸ್ರಿ ನೀರಿನ ಮೇಲೆ ಚಾಪೆ ಹಾಸಿ ಪ್ರಾರ್ಥನೆಗೆ ಕರೆದಾಗ, ರಾಬಿಯಾ ತನ್ನ ಚಾಪೆಯನ್ನು ಗಾಳಿಯಲ್ಲಿ ಹಾಸಿ ಅವನನ್ನೇ ಮೇಲಕ್ಕೆ ಕರೆಯುತ್ತಾಳೆ. ಬಳಿಕ, ಇವೆಲ್ಲ ಮೀನೂ ನೊಣವೂ ಮಾಡುವ ಕೆಲಸಗಳು, ನಿಜವಾದ ಸಾಧನೆ ಬೇರೆಯೇ ಇದೆ ಎಂದು ತಿಳಿಹೇಳುತ್ತಾಳೆ. ಹಸನ್ ಬಸ್ರಿ ತೀರಿಕೊಂಡದ್ದು 728ರಲ್ಲಿ. ರಾಬಿಯಾ ಆಗಿನ್ನೂ ಎಳೆಯಳು. ಈ ಭೇಟಿ ಇತಿಹಾಸವಾಗಲಾರದು. ಆದರೂ ಕಥೆ ಬಾಳಿದೆ. ಊರೇ ಗೌರವಿಸುವ ಗುರುವಿನ ಅಹಂಕಾರವನ್ನು ಒಡೆಯಲು ಪರಂಪರೆಗೆ ಒಬ್ಬ ಹೆಣ್ಣು ಬೇಕಾಗಿದ್ದಳು. ಅದೇ ಅತ್ತಾರ, ಪುರುಷರ ಸಾಲಿನಲ್ಲಿ ಆಕೆಯನ್ನು ಸೇರಿಸಿದ್ದಕ್ಕೆ ಸಮಾಧಾನವನ್ನೂ ಹೇಳುತ್ತಾನೆ: ದೇವರ ದಾರಿಯಲ್ಲಿ ಗಂಡಿನಂತೆ ನಡೆದವಳನ್ನು ಹೆಣ್ಣೆನ್ನಲಾಗದು ಎಂಬುದು ಅದರ ತಾತ್ಪರ್ಯ. ಇದು ಹೊಗಳಿಕೆಯೇ ಹೌದು. ಆದರೆ ಗೆದ್ದವಳ ಹೆಣ್ತನವನ್ನು ಕಸಿದುಕೊಂಡು ಕೊಟ್ಟ ಹೊಗಳಿಕೆ.

ಒಮ್ಮೆ ಆಕೆಯ ಹೆಸರೂ ಕಳಚಿಬಿದ್ದದ್ದುಂಟು. ಸ್ವರ್ಗವನ್ನು ಸುಡಲು ಬೆಂಕಿ, ನರಕವನ್ನು ನಂದಿಸಲು ನೀರು ಹಿಡಿದು ನಡೆದ ಸ್ತ್ರೀಯ ಕಥೆ ಫ್ರಾನ್ಸಿನ ಒಂಬತ್ತನೆಯ ಲೂಯಿಯ ಚರಿತ್ರಕಾರ ಜ್ವಾನ್‌ವೀಲ್‌ನ ಗ್ರಂಥದಲ್ಲಿದೆ. ದಮಾಸ್ಕಸ್‌ನಲ್ಲಿ ಪಾದ್ರಿಯೊಬ್ಬ ಕಂಡ ಅನಾಮಧೇಯ ಮುದುಕಿ ಅವಳು. ಭಯವೂ ಆಸೆಯೂ ಇಲ್ಲದೆ ದೇವರನ್ನು ಪ್ರೀತಿಸಬೇಕೆಂಬ ಭಾವಕ್ಕೆ ಧರ್ಮದ ಗಡಿ ದಾಟಲು ಹೆಸರಿನ ಅಗತ್ಯ ಬೀಳಲಿಲ್ಲ.

ಆಧುನಿಕ ಕಾಲದಲ್ಲಿ ಮಾರ್ಗರೆಟ್ ಸ್ಮಿತ್ 1928ರಲ್ಲಿ ಪ್ರಕಟಿಸಿದ ಅಧ್ಯಯನ ಆಕೆಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. 1963ರ ಈಜಿಪ್ಟಿನ ಚಲನಚಿತ್ರದಲ್ಲಿ ಉಮ್ಮ್ ಕುಲ್ತೂಮ್ ಅವರ ಕಂಠವಿತ್ತು. ಭೋಗದ ಬದುಕಿನಿಂದ ಭಕ್ತಿಗೆ ತಿರುಗಿದವಳು ಎಂಬ ಚಿತ್ರ ಅದರಿಂದ ಮನೆಮನೆಗೆ ತಲುಪಿತು. ವೈರಾಗ್ಯವನ್ನು ತೆರೆಯ ಮೇಲೆ ತೋರಿಸುವುದಕ್ಕಿಂತ ಪಶ್ಚಾತ್ತಾಪವನ್ನು ತೋರಿಸುವುದು ಸುಲಭ. 2013ರ ಆಗಸ್ಟ್‌ನಲ್ಲಿ ಕೈರೋದಲ್ಲಿ, ಆಕೆಯ ಹೆಸರಿನ ಮಸೀದಿಯ ಚೌಕದಲ್ಲಿ ಧರಣಿ ಕುಳಿತಿದ್ದವರನ್ನು ಪಡೆಗಳು ಚದುರಿಸಿದಾಗ ನೂರಾರು ಜನ ಸತ್ತರು. 'ರಾಬಿಯಾ' ಎಂದರೆ ನಾಲ್ಕನೆಯವಳು. ಎತ್ತಿದ ನಾಲ್ಕು ಬೆರಳುಗಳು ಪ್ರತಿಭಟನೆಯ ಸಂಕೇತವಾದವು.