ಕಪ್ಪು ಕಂಡದ್ದೆಲ್ಲ ಹುಳುಕಲ್ಲ

ಪೂರಿಗಾಲಿಯಿಂದ ಹಲ್ಲುನೋವೆಂದು ಮಳವಳ್ಳಿಗೋ ಮೈಸೂರಿಗೋ ಬಸ್ಸು ಹತ್ತುವವರಿಗೆ ಇಂದು ಎಕ್ಸ್‌ರೇ ಹೊಸದಲ್ಲ. 1896ರಲ್ಲಿ ಜರ್ಮನಿಯ ಓಟ್ಟೊ ವಾಲ್‌ಖಾಫ್ ತಮ್ಮ ಹಲ್ಲಿನ ಚಿತ್ರಕ್ಕಾಗಿ 25 ನಿಮಿಷ ಕಿರಣಕ್ಕೆ ಬಾಯೊಡ್ಡಿದ್ದರು. ಈಗ ಒಂದು ಸೆಕೆಂಡೂ ಬೇಡ. ತೆಗೆಯುವ ವೇಗ ಹೆಚ್ಚಿದಷ್ಟು ಅದನ್ನು ಓದುವ ತಾಳ್ಮೆ ಹೆಚ್ಚಿಲ್ಲವೆಂಬುದೇ ನನ್ನ ತಕರಾರು.

ಚಿತ್ರದಲ್ಲಿ ಎನಾಮಲ್ ಅಚ್ಚಬಿಳುಪು, ಒಳಗಿನ ಡೆಂಟಿನ್ ಬೂದು, ನಡುವಿನ ತಿರುಳು ಕಪ್ಪು. ಹುಳುಕು ಹಿಡಿದಲ್ಲಿ ಖನಿಜ ಕರಗಿ ಕಪ್ಪಾಗುತ್ತದೆ. ಆದರೆ ಆರೋಗ್ಯವಂತ ದವಡೆಯಲ್ಲೂ ಕಪ್ಪು ಜಾಗಗಳಿವೆ. ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಬೇರಿನ ಬಳಿ ನರ ಹೊರಬರುವ ರಂಧ್ರವೊಂದಿದೆ, ಮೆಂಟಲ್ ಫೊರಾಮೆನ್. ಅದು ಬೇರಿನ ತುದಿಯ ಮೇಲೇ ಬಿದ್ದರೆ ಥೇಟ್ ಕೀವುಗೂಡಿನಂತೆ ಕಾಣುತ್ತದೆ. ಅವಸರದ ಕಣ್ಣಿಗೆ ಅಷ್ಟು ಸಾಕು, ಗಟ್ಟಿ ಹಲ್ಲಿಗೆ ರೂಟ್ ಕೆನಾಲ್ ಬರೆದಾಯಿತು. ಬಲ್ಲವರು ಬೇರಿನ ಸುತ್ತಲ ತೆಳು ಬಿಳಿಗೆರೆ, ಲ್ಯಾಮಿನಾ ಡ್ಯೂರಾ, ತುಂಡಾಗಿದೆಯೇ ಎಂದು ಹುಡುಕುತ್ತಾರೆ. ಹಲ್ಲಿಗೆ ತಣ್ಣನೆಯದನ್ನು ಮುಟ್ಟಿಸಿ ಒಳಗೆ ಜೀವವಿದೆಯೇ ನೋಡುತ್ತಾರೆ. ಸಂಶಯ ಉಳಿದರೆ ಕೋನ ಬದಲಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ: ರಂಧ್ರವಾದರೆ ಬೇರಿನಿಂದ ದೂರ ಸರಿಯುತ್ತದೆ, ಕೀವಾದರೆ ಬೇರಿಗೇ ಅಂಟಿಕೊಂಡಿರುತ್ತದೆ. ಈ ಎರಡನೇ ಚಿತ್ರವನ್ನು ಖರ್ಚೆಂದು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಬಂದವರಿಗೆ ಬೇಡದ ರೂಟ್ ಕೆನಾಲ್ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ.

ಹಲ್ಲಿನ ಕುತ್ತಿಗೆಯಲ್ಲಿ, ಎನಾಮಲ್ಲಿಗೂ ಮೂಳೆಗೂ ನಡುವೆ ಕಾಣುವ ಮಸುಕು ಕಪ್ಪೂ ಹೀಗೆಯೇ ಮೋಸ ಮಾಡುತ್ತದೆ. ಅಲ್ಲಿ ಕಿರಣ ಸುಲಭವಾಗಿ ಹಾದುಹೋಗುತ್ತದೆ, ಅಷ್ಟೇ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಖನಿಜ ಶೇ. 30–40ರಷ್ಟು ಹೋಗುವ ತನಕ ಹುಳುಕು ಚಿತ್ರದಲ್ಲಿ ಮೂಡುವುದಿಲ್ಲ. ಹಾಗಾಗಿ ಶುಭ್ರ ಚಿತ್ರ ಶುಭ್ರ ಹಲ್ಲಿಗೆ ಸಾಕ್ಷಿಯಲ್ಲ. ಎರಡು ಹಲ್ಲು ತಾಗುವ ಸಂದಿಯ ಹುಳುಕಿಗೆ ಅಮೆರಿಕದ ಹೊವಾರ್ಡ್ ರೇಪರ್ 1925ರಲ್ಲೇ ಬೈಟ್‌ವಿಂಗ್ ವಿಧಾನ ಕೊಟ್ಟರು. ಫಿಲಂನ ರೆಕ್ಕೆಯನ್ನು ಕಚ್ಚಿಸಿ ಮೇಲಿನ, ಕೆಳಗಿನ ಹಲ್ಲುಗಳನ್ನು ಒಟ್ಟಿಗೆ ಹಿಡಿಯುವ ಈ ಚಿತ್ರದಲ್ಲಿ ಸಂದಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ನೋಯುವ ಹಲ್ಲಿನದೊಂದೇ ಚಿತ್ರ ತೆಗೆದು ಕಳಿಸುವ ರೂಢಿಯಲ್ಲಿ ಪಕ್ಕದ ಹಲ್ಲಿನ ಸಂದಿ ತಪ್ಪಿಹೋಗುತ್ತದೆ.

ಪೂರಿಗಾಲಿಯ ಅಣ್ಣ, ಅಕ್ಕಂದಿರೇ, ಹಲ್ಲು ಕೀಳಿಸುವ ಮುನ್ನ ಡಾಕ್ಟರರನ್ನು ಕೇಳಿ: ಈ ಕಪ್ಪು ರೋಗವೋ, ದವಡೆಯ ರಚನೆಯೋ? ಎಕ್ಸ್‌ರೇಯನ್ನು ಮನೆಗೆ ತಂದು ಜೋಪಾನವಾಗಿಡಿ, ಮುಂದಿನ ಸಲ ಜೊತೆಗೇ ಒಯ್ಯಿರಿ.